ಡಿ-ಡೈಮರ್ ಕಿಟ್: ಲ್ಯಾಟೆಕ್ಸ್ ಸ್ಲೈಡೋ, ರೀಡರ್ ಕಾರ್ಡೋ?

ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಣ್ಣ ಲ್ಯಾಬಿನವರು ಡಿ-ಡೈಮರ್ (ರಕ್ತದ ಹೆಪ್ಪು ಕರಗುವಾಗ ಹುಟ್ಟುವ ಪ್ರೋಟೀನ್ ತುಣುಕು) ಅಳೆಯುವ ಕಿಟ್ ಕೊಳ್ಳುವಾಗ ದರಕ್ಕಿಂತ ಮೊದಲು ಕೇಳಬೇಕಾದದ್ದು, ಅದಕ್ಕೆ ಯಾವ ರಕ್ತ ಬೇಕು ಅಂತ.

ಲ್ಯಾಟೆಕ್ಸ್ ಕಣಗಳ ದ್ರಾವಣವನ್ನು ಸ್ಯಾಂಪಲ್ಲಿನೊಂದಿಗೆ ಬೆರೆಸಿ ನೋಡುವ ಸ್ಲೈಡ್ ಅಗ್ಗ, ಓದುವ ಯಂತ್ರ ಬೇಡ. ಆದರೆ ಪ್ಲಾಸ್ಮಾನೇ (ರಕ್ತಕಣ ಬೇರ್ಪಡಿಸಿದ ದ್ರವ) ಬೇಕು, ಅಂದರೆ ರಕ್ತ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಇರಲೇಬೇಕು. ಕಣಗಳು ಗುಂಪುಗೂಡಿದವೋ ಇಲ್ಲವೋ ಅಂತ ಕಣ್ಣಿನಿಂದ ಹೇಳಬೇಕು. ಗಡಿಯ ಸ್ಯಾಂಪಲ್ಲಿಗೆ ಇಬ್ಬರು ಎರಡು ಮಾತು ಹೇಳುತ್ತಾರೆ. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ (ಸಂಧಿವಾತದವರಲ್ಲಿ ಹೆಚ್ಚಾಗಿ ಸಿಗುವ ಪ್ರತಿಕಾಯ) ಇದ್ದವರಲ್ಲಿ ಸುಳ್ಳು ಪಾಸಿಟಿವ್ ಬರಬಹುದು. ಕಾಲಿನಲ್ಲಿ ಹೆಪ್ಪು ಇಲ್ಲ ಅನ್ನೋದಕ್ಕೆ ಇದೊಂದನ್ನೇ ನಂಬಬಾರದು.

ಫ್ಲೋರೊಸೆನ್ಸ್ ರೀಡರ್ ಕಾರ್ಡನ್ನು ಯಂತ್ರ ಓದಿ ಅಂಕಿಯನ್ನೇ ಕೊಡುತ್ತದೆ. ನಮ್ಮ ಆಯ್ಕೆ ಇದೇ, ಅದೂ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ) ಹಾಕಿದ ಪ್ಲಾಸ್ಮಾ ಜೊತೆ. ಹಲವು ಕಾರ್ಡಿಗೆ ಇಡೀ ರಕ್ತವೂ ನಡೆಯುತ್ತದೆ, ಆದರೆ ರೀಡರಿನಲ್ಲಿ ಸ್ಯಾಂಪಲ್ ಬಗೆಯನ್ನು ಬದಲಿಸದಿದ್ದರೆ ಅಂಕಿ ತಪ್ಪುತ್ತದೆ. ರಕ್ತಹೀನತೆ ಜಾಸ್ತಿ ಇದ್ದರೆ ಅದೇ ಹನಿಯಲ್ಲಿ ಪ್ಲಾಸ್ಮಾ ಹೆಚ್ಚಿರುತ್ತದೆ, ಅಂಕಿ ಮೇಲೇರುತ್ತದೆ.

ಹೆಚ್ಚು ಕೆಡೋದು ಟ್ಯೂಬಿನಲ್ಲಿ. ನೀಲಿ ಮುಚ್ಚಳದ್ದರಲ್ಲಿ 3.2% ಸಿಟ್ರೇಟ್ 0.3 ಎಂಎಲ್ ಇದ್ದರೆ ರಕ್ತ 2.7 ಎಂಎಲ್, ಗೆರೆಯವರೆಗೆ. ಕಡಿಮೆ ತುಂಬಿದರೆ ಸಿಟ್ರೇಟ್ ಮಿಕ್ಕು ಸ್ಯಾಂಪಲ್ ತೆಳುವಾಗುತ್ತದೆ; ಇದ್ದ ಹೆಪ್ಪನ್ನೂ ರಿಪೋರ್ಟ್ ಮುಚ್ಚಿಡಬಹುದು. ಬಟರ್‌ಫ್ಲೈ ಸೂಜಿಯ ನಳಿಗೆಯ ಗಾಳಿ ಹೀಗೆಯೇ ಮೋಸ ಮಾಡುತ್ತದೆ, ಹಾಗಾಗಿ ಮೊದಲೊಂದು ಟ್ಯೂಬ್ ಎಳೆದು ಬಿಡಬೇಕು. ತುಂಬಿದ ಕೂಡಲೇ ಮೂರ್ನಾಲ್ಕು ಸಲ ಮೆಲ್ಲಗೆ ತಿರುಗಿಸಿ, ಕುಲುಕಬೇಡಿ. ಕೆಂಪು ಮುಚ್ಚಳದ ಸೀರಂ ಬೇಡವೇ ಬೇಡ: ಟ್ಯೂಬಿನೊಳಗೇ ಹೆಪ್ಪುಗಟ್ಟಿದ ರಕ್ತ ಅದು. ಹೆಪ್ಪು ತಡೆಯುವ ಇನ್ನೊಂದು ಬಗೆಯಾದ ಇಡಿಟಿಎ ಟ್ಯೂಬ್, ಕಿಟ್ಟಿನ ಚೀಟಿಯಲ್ಲಿ ಬರೆದಿದ್ದರೆ ಮಾತ್ರ. ಬೆರಳು ಚುಚ್ಚಿದರೆ ಮೊದಲ ಹನಿ ಒರೆಸಿ, ಹಿಂಡಬೇಡಿ.

ಲ್ಯಾಟೆಕ್ಸ್ ದ್ರಾವಣ ಫ್ರಿಜ್ಜಿನಲ್ಲಿ 2–8 ಡಿಗ್ರಿಯಲ್ಲಿರಲಿ, ಮಂಜುಗಟ್ಟಬಾರದು. ಕಾರ್ಡಿಗೆ ಸಾಮಾನ್ಯವಾಗಿ 30 ಡಿಗ್ರಿ ಮಿತಿ. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಕಪಾಟಿನಲ್ಲಿಟ್ಟರೆ ಹೋಯಿತು. ಫ್ರಿಜ್ಜಿನಿಂದ ತೆಗೆದ ಪೊಟ್ಟಣವನ್ನು ಕೋಣೆಯ ಬಿಸಿಗೆ ಬಂದ ಮೇಲೇ ಹರಿಯಿರಿ, ಇಲ್ಲದಿದ್ದರೆ ಒಳಗೆ ಹನಿ ಕೂರುತ್ತದೆ.

ರಿಪೋರ್ಟಿನಲ್ಲಿ ಎಫ್‌ಇಯು ಅಥವಾ ಡಿಡಿಯು ಅಂತ ಬರೆಯಲೇಬೇಕು, ಇವು ಡಿ-ಡೈಮರ್ ಅಳೆಯುವ ಎರಡು ಬೇರೆ ಮಾನಗಳು. 500 ಎಫ್‌ಇಯು ಅಂದರೆ ಹತ್ತಿರಹತ್ತಿರ 250 ಡಿಡಿಯು; ಅದನ್ನು ಬಿಟ್ಟ ಅಂಕಿ ವೈದ್ಯರನ್ನು ದಾರಿ ತಪ್ಪಿಸುತ್ತದೆ. ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ ಹೆಪ್ಪಿಲ್ಲದೆಯೂ ಏರುತ್ತದೆ.

ಕೊಳಕುಮಂಡಲ ಹಾವು ಕಚ್ಚಿದವರಿಗೆ ಮಾತ್ರ ಈ ಕಾರ್ಡನ್ನು ಕಾಯಬೇಡಿ. ಒಣಗಿದ ಹೊಸ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ, 20 ನಿಮಿಷ ಮುಟ್ಟದೆ ಇಟ್ಟು, ಹೆಪ್ಪುಗಟ್ಟಿದೆಯೋ ಇಲ್ಲವೋ ಅಂತ ಓರೆ ಮಾಡಿ ನೋಡಿ. ಪ್ಲಾಸ್ಟಿಕ್ ಆಗಲಿ, ಸೋಪಿನಿಂದ ತೊಳೆದ ಗಾಜಾಗಲಿ ಬೇಡ, ಒಳ್ಳೆ ರಕ್ತವೂ ಹೆಪ್ಪುಗಟ್ಟದೆ ನಿಲ್ಲಬಹುದು.