ಬಾದಾಮಿ ಗುಹೆಗಳು: ಮೂರನೇದಕ್ಕೆ ಜಾಸ್ತಿ ಟೈಮ್ ಕೊಡಿ

ಸುಮಾರು ಜನ ಒಂದನೇ ಗುಹೆಲಿ 18 ಕೈ ನಟರಾಜನ ಹತ್ರ ಸೆಲ್ಫಿ ತಗೊಂಡು ಸುಸ್ತಾಯ್ತು ಅಂತ ಇಳಿದುಬಿಡ್ತಾರೆ, ಹಂಗೆ ಮಾತ್ರ ಮಾಡ್ಬೇಡಿ, ಮೂರನೇ ಗುಹೆ ನೋಡ್ದೆ ಬಂದ್ರೆ ಬಾದಾಮಿ ನೋಡಿದಂಗೇ ಅಲ್ಲ. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನ ಅಲ್ಲೇ ಇದೆ. ಹಾವಿನ ಸುರುಳಿ ಮೇಲೆ ಆರಾಮಾಗಿ ಕೂತಿರೋ ವಿಷ್ಣು ಎಂಥಾ ಗಾಂಭೀರ್ಯ ಅಂತೀರಾ! ತಲೆ ಎತ್ತಿ ಕಂಬದ ಮೇಲ್ಗಡೆ ಇರೋ ಜೋಡಿಗಳನ್ನೂ ನೋಡಿ, ಆ ಜಡೆ, ಆ ಒಡವೆ, ನಿಂತಿರೋ ಭಂಗಿ, ಮರಳುಗಲ್ಲಲ್ಲಿ ಇಷ್ಟು ನಾಜೂಕು ಹೆಂಗೆ ತಂದ್ರೋ. ನಾಲ್ಕನೇದು ಜೈನರದ್ದು, ಚಿಕ್ಕದು, ಅಲ್ಲಿಂದ ಕೆಳಗೆ ಅಗಸ್ತ್ಯ ತೀರ್ಥ ಅನ್ನೋ ಕೆರೆ ಚೆನ್ನಾಗಿ ಕಾಣುತ್ತೆ. ಕೋತಿಗಳಿವೆ, ತಿಂಡಿ ಕವರ್ ಕೈಲಿ ಹಿಡ್ಕೋಬೇಡಿ. ಬೇಸಿಗೆ ಆದ್ರೆ ಬೆಳಿಗ್ಗೆನೇ ಹೋಗಿ, ಮಧ್ಯಾಹ್ನ ಬಂಡೆ ಕಾದು ಮೆಟ್ಟಿಲು ಹತ್ತೋಕಾಗಲ್ಲ.