ಕಾಟಾದಿಂದ ಬಿಲ್ಲಿಗೆ: ಟಾಮ್‌ಕ್ಯಾಟ್ ಒಳಗೆ ಜೆಎನ್‌ಎ

ತಿಪಟೂರಿನ ಕೊಬ್ಬರಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವರಿಗೆ ಈ ತಲೆನೋವು ಹೊಸದಲ್ಲ. ಎಲೆಕ್ಟ್ರಾನಿಕ್ ಕಾಟಾ ಜೊತೆ ಬರುವುದು ಸಿ ಭಾಷೆಯ ಕಂಪೈಲ್ ಆದ ಲೈಬ್ರರಿ; ಬಿಲ್ ಹಾಕುವುದು ಜಾವಾ, ಅದೂ ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್ ಮೇಲೆ. ಎರಡನ್ನೂ ಬೆಸೆಯಲು ಉಚಿತವಾಗಿ ಸಿಗುವ ಜೆಎನ್‌ಎ (ಜಾವಾದಿಂದ ನೇರವಾಗಿ ಸಿ ಲೈಬ್ರರಿಯನ್ನು ಕರೆಯಲು ಬಿಡುವ ಜಾವಾ ಲೈಬ್ರರಿ) ಈಗಲೂ ಒಳ್ಳೆಯ ಆಯ್ಕೆ. ಜಾವಾದಲ್ಲೇ ಇರುವ ಹಳೆಯ ದಾರಿ ಜೆಎನ್‌ಐ ಹಿಡಿದರೆ ಸಿ ಯಲ್ಲಿ ಇನ್ನೊಂದು ಪದರ ಬರೆದು ಕಂಪೈಲ್ ಮಾಡಬೇಕು. ಸಾಲದ್ದಕ್ಕೆ, ಆ ಲೈಬ್ರರಿಯನ್ನು ವಾರ್ ಫೈಲ್ (ಇಡೀ ವೆಬ್ ಆ್ಯಪ್ ಕಟ್ಟಿಟ್ಟ ಫೈಲ್) ಒಳಗಿಂದ ಲೋಡ್ ಮಾಡಿದ್ದರೆ ಆ್ಯಪ್ ರೀಲೋಡ್ ಮಾಡಿದಾಗ 'ಬೇರೆ ಕ್ಲಾಸ್‌ಲೋಡರ್‌ನಲ್ಲಿ (ಕೋಡನ್ನು ಮೆಮೊರಿಗೆ ತರುವ ಜಾವಾದ ಭಾಗ) ಆಗಲೇ ಲೋಡ್ ಆಗಿದೆ' ಅಂತ ಎರರ್ ಬರುತ್ತದೆ. ಜೆಎನ್‌ಎಯಲ್ಲಿ ಒಂದು ಇಂಟರ್‌ಫೇಸ್ ಬರೆದು ಫಂಕ್ಷನ್‌ಗಳನ್ನು ನಮೂದಿಸಿದರೆ ಸಾಕು. ಇಲ್ಲೂ ಅದೇ ಎರರ್ ಬಾರದಿರಲು ಜೆಎನ್‌ಎಯ ಜಾರ್ ಫೈಲನ್ನು ಟಾಮ್‌ಕ್ಯಾಟ್‌ನ ಸ್ವಂತ ಲಿಬ್ ಫೋಲ್ಡರ್‌ನಲ್ಲಿಡಿ, ವಾರ್ ಒಳಗೆ ಬೇಡ.

'ಲೈಬ್ರರಿ ಸಿಗಲಿಲ್ಲ' ಅಂದಾಗ ಫೈಲ್ ಇಲ್ಲ ಅಂತಲೇ ಅಲ್ಲ. ಅದು ಅವಲಂಬಿಸಿದ ಇನ್ನೊಂದು ಲೈಬ್ರರಿ ಇಲ್ಲದಿರಬಹುದು. ಲಿನಕ್ಸ್‌ನಲ್ಲಿ ಎಲ್‌ಡಿಡಿ ಕಮಾಂಡ್ ಕೊಟ್ಟರೆ ಯಾವುದಿಲ್ಲ ಅನ್ನುವುದು ತಕ್ಷಣ ಕಾಣುತ್ತದೆ. 32 ಬಿಟ್ ಲೈಬ್ರರಿ 64 ಬಿಟ್ ಜಾವಾಗೆ ಹತ್ತುವುದೇ ಇಲ್ಲ. ಸರ್ವರ್‌ನ ಟೆಂಪ್ ಫೋಲ್ಡರ್‌ಗೆ ನೋಎಕ್ಸೆಕ್ (ಅಲ್ಲಿಂದ ಕೋಡ್ ಓಡಿಸಲು ತಡೆ) ಹಾಕಿದ್ದರೆ ಜೆಎನ್‌ಎ ಶುರುವಿನಲ್ಲೇ ಬೀಳುತ್ತದೆ, ಯಾಕೆಂದರೆ ತನ್ನ ಸಹಾಯಕ ಫೈಲನ್ನು ಅದು ಅಲ್ಲೇ ಬಿಚ್ಚಿಕೊಳ್ಳುವುದು. ಜೆಎನ್‌ಎ ಡಾಟ್ ಟೆಂಪ್‌ಡಿರ್ ಪ್ರಾಪರ್ಟಿಯಲ್ಲಿ ಬೇರೆ ಜಾಗ ತೋರಿಸಿ. ಪೂರ್ಣಾಂಕ ಇಡುವ ಲಾಂಗ್ ಟೈಪ್ ಬಗ್ಗೆಯೂ ಎಚ್ಚರ: ಸಿ ಯ ಲಾಂಗ್ ವಿಂಡೋಸ್‌ನಲ್ಲಿ 32 ಬಿಟ್, 64 ಬಿಟ್ ಲಿನಕ್ಸ್‌ನಲ್ಲಿ 64. ಇದಕ್ಕೆ ತಾನೇ ಹೊಂದಿಕೊಳ್ಳುವ ಜೆಎನ್‌ಎಯ ನೇಟಿವ್‌ಲಾಂಗ್ ಬಳಸದಿದ್ದರೆ ಚೀಲದ ತೂಕ ಅಸಂಬದ್ಧವಾಗಿ ಬಂದೀತು.

ನಿಜವಾದ ಗಂಡಾಂತರ ಥ್ರೆಡ್‌ಗಳದ್ದು. ಟಾಮ್‌ಕ್ಯಾಟ್ ಡಿಫಾಲ್ಟಾಗಿ 200 ಥ್ರೆಡ್‌ವರೆಗೆ, ಅಂದರೆ ಏಕಕಾಲಕ್ಕೆ ನಡೆಯುವ ಅಷ್ಟು ಕೆಲಸದ ಎಳೆಗಳನ್ನು ಓಡಿಸುತ್ತದೆ. ಕಾಟಾ ಲೈಬ್ರರಿ ಪೋರ್ಟ್ ಹ್ಯಾಂಡಲ್ಲನ್ನೂ ಕೊನೆಯ ತೂಕವನ್ನೂ ಎಲ್ಲಾ ಥ್ರೆಡ್‌ಗಳೂ ಹಂಚಿಕೊಳ್ಳುವ ಗ್ಲೋಬಲ್ ವೇರಿಯಬಲ್‌ಗಳಲ್ಲಿ ಇಟ್ಟುಕೊಂಡಿದ್ದರೆ, ಇಬ್ಬರು ಗುಮಾಸ್ತರು ಒಟ್ಟಿಗೆ ಬಟನ್ ಒತ್ತಿದಾಗ ಒಬ್ಬ ರೈತರ ತೂಕ ಇನ್ನೊಬ್ಬರ ಬಿಲ್ಲಿಗೆ ಹೋಗುತ್ತದೆ. ಎರರ್ ಕೂಡ ಬರುವುದಿಲ್ಲ, ಜಗಳ ಬರುತ್ತದೆ. ಲೈಬ್ರರಿಗೆ ಹೋಗುವ ಎಲ್ಲಾ ಕರೆಗಳನ್ನೂ ಒಂದೇ ಥ್ರೆಡ್‌ನ ಎಕ್ಸಿಕ್ಯೂಟರ್ (ಕೆಲಸಗಳನ್ನು ಸಾಲಿನಲ್ಲಿ ಒಂದಾದ ಮೇಲೊಂದು ಮಾಡಿಸುವ ಜಾವಾ ಸೌಲಭ್ಯ) ಮೂಲಕವೇ ಕಳಿಸಿ. ತೂಕ ಬದಲಾದಾಗ ತಿಳಿಸುವ ಕಾಲ್‌ಬ್ಯಾಕ್ (ಲೈಬ್ರರಿಯೇ ತಿರುಗಿ ಕರೆಯುವ ನಿಮ್ಮ ಫಂಕ್ಷನ್) ಇದ್ದರೆ ಆ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ ಹಿಡಿದಿಡಿ. ಇಲ್ಲವಾದರೆ ಬಳಕೆಯಲ್ಲಿಲ್ಲದ್ದನ್ನು ಮೆಮೊರಿಯಿಂದ ತೆಗೆಯುವ ಜಾವಾದ ಗಾರ್ಬೇಜ್ ಕಲೆಕ್ಟರ್ ಅದನ್ನು ಗುಡಿಸಿಹಾಕಿದ ಮೇಲೆ ಲೈಬ್ರರಿ ಸತ್ತ ವಿಳಾಸಕ್ಕೆ ಕರೆ ಮಾಡುತ್ತದೆ.

ಹಾಗಾದರೆ ಎರರ್ ಹಿಡಿಯುವ ಜಾವಾದ ಟ್ರೈ-ಕ್ಯಾಚ್ ಕೈಹಿಡಿಯುವುದಿಲ್ಲ. ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿದ ತಪ್ಪು) ಆದರೆ ಜಾವಾ ಓಡಿಸುವ ಇಡೀ ಜೆವಿಎಂ ಕುಸಿದು, ಹರಾಜಿನ ದಿನ ಎಲ್ಲಾ ಕೌಂಟರ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಟಾಮ್‌ಕ್ಯಾಟ್ ಶುರುವಾದ ಫೋಲ್ಡರ್‌ನಲ್ಲಿ ಎಚ್ಎಸ್-ಎರರ್ ಹೆಸರಿನ ಲಾಗ್ ಬಿದ್ದಿರುತ್ತದೆ. ಅದರ 'ಪ್ರಾಬ್ಲಮ್ಯಾಟಿಕ್ ಫ್ರೇಮ್' ಸಾಲಿನಲ್ಲಿ ಕಾಟಾ ಲೈಬ್ರರಿಯ ಹೆಸರಿದ್ದರೆ ಮೊದಲ ಗುಮಾನಿ ಅದರ ಮೇಲೆಯೇ. ಅಂಥ ಲೈಬ್ರರಿಯನ್ನು ಟಾಮ್‌ಕ್ಯಾಟ್ ಒಳಗೆ ಸಾಕಬೇಡಿ. ಲೋಕಲ್‌ಹೋಸ್ಟ್‌ನಲ್ಲಿ ಕೇಳುವ ಚಿಕ್ಕ ಜಾವಾ ಪ್ರೋಗ್ರಾಂ ಒಂದರಲ್ಲಿ ಜೆಎನ್‌ಎ ಇಟ್ಟು, ಬಿದ್ದರೆ ತಾನೇ ಏಳುವಂತೆ ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ವಹಿಸಿ. ಒಂದು ತೂಕಕ್ಕೆ ಕೆಲವು ಮಿಲಿಸೆಕೆಂಡ್ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಹೊಸದಾಗಿ ಶುರುಮಾಡುವವರು 2024ರಲ್ಲಿ ಬಂದ ಜಾವಾ 22ರ ಫಾರಿನ್ ಫಂಕ್ಷನ್ ಸೌಲಭ್ಯವನ್ನು (ಬೇರೆ ಭಾಷೆಯ ಫಂಕ್ಷನ್ ಕರೆಯಲು ಜಾವಾದಲ್ಲೇ ಇರುವ ದಾರಿ) ನೋಡಬಹುದು. ಸಿ ಲೈಬ್ರರಿಯ ಹೆಡರ್ ಫೈಲ್ (ಫಂಕ್ಷನ್‌ಗಳ ಪಟ್ಟಿ) ಕೊಟ್ಟರೆ ಜೆ-ಎಕ್ಸ್‌ಟ್ರಾಕ್ಟ್ ಎಂಬ ಟೂಲ್ ಜಾವಾ ಕೋಡನ್ನು ತಾನೇ ಬರೆದುಕೊಡುತ್ತದೆ. ಆದರೆ ಸೆಗ್‌ಫಾಲ್ಟ್ ಅಲ್ಲೂ ಸೆಗ್‌ಫಾಲ್ಟೇ. ಸರ್ವರ್ ಇನ್ನೂ ಜಾವಾ 8 ಅಥವಾ 17ರಲ್ಲಿ ಇದ್ದರೆ ಬರೀ ಇದಕ್ಕಾಗಿ ವರ್ಷನ್ ಏರಿಸುವ ಅಗತ್ಯವಿಲ್ಲ, ಜೆಎನ್‌ಎ ಸಾಕು.