ಕೆಟ್ಟು ನಿಲ್ಲದ ಬೈಕು ಎಫ್‌ಸಿಯಲ್ಲಿ ನಿಂತಿತು: ಹಳೆಯ ನೂರು ಸಿಸಿ ಬೈಕಿನ ದೀರ್ಘಕಾಲದ ವಿಮರ್ಶೆ

2007ರಲ್ಲಿ ನೋಂದಣಿಯಾದ ನನ್ನ ನೂರು ಸಿಸಿ ಬೈಕು ಇಂದಿನವರೆಗೂ ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟಿಲ್ಲ. ಈ ವಿಮರ್ಶೆಯಲ್ಲಿ ನನ್ನ ಮುಖ್ಯ ದೂರು ಇರುವುದು ಅದರ ಈ ಗುಣದ ಮೇಲೆಯೇ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕಿಕ್ಕರ್, ಕಾರ್ಬ್ಯುರೇಟರ್ ಮತ್ತು ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಆ ಕಾಲದ ಬಹುತೇಕ ಬೈಕುಗಳಿಗೆ ಇಲ್ಲಿನ ಮಾತು ಹೆಚ್ಚುಕಡಿಮೆ ಹೊಂದುತ್ತದೆ. ಮೈಲೇಜು, ತೂಕ, ಟ್ಯಾಂಕಿನ ಅಳತೆ ಮುಂತಾದವು ಎಲ್ಲರಿಗೂ ತಿಳಿದಿರುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ಬೆಂಗಳೂರಿನ ಶ್ರೀನಗರದ ಮನೆಯಿಂದ ಮೈಸೂರು ರಸ್ತೆಗೆ ಇಳಿದು, ನಾಯಂಡಹಳ್ಳಿಯಲ್ಲಿ ವರ್ತುಲ ರಸ್ತೆ ಹಿಡಿದು, ಸುಮನಹಳ್ಳಿ, ಗೊರಗುಂಟೆಪಾಳ್ಯದ ಮೇಲೆ ಪೀಣ್ಯದ ಕಾರ್ಖಾನೆಗೆ ಹೋಗಿಬರುವುದು ಇದರ ನಿತ್ಯದ ಕೆಲಸ. ಬೆಳಿಗ್ಗೆ ಕವರ್ ತೆಗೆದು, ಪೆಟ್ರೋಲ್ ಕಾಕ್ ತಿರುಗಿಸಿ, ಚೋಕ್ ಎಳೆದು, ಕೀ ಹಾಕುವ ಮೊದಲು ಕಿಕ್ಕರನ್ನು ನಿಧಾನವಾಗಿ ಒತ್ತಿ ಬಿಗಿ ಸಿಗುವವರೆಗೆ ತಂದು ನಿಲ್ಲಿಸುತ್ತೇನೆ. ಅನಂತರ ಕೀ ತಿರುಗಿಸಿ ಒಂದೇ ತುಳಿತ. ಇಂಜಿನ್ ಸದ್ದು ಹದಕ್ಕೆ ಬರುವಷ್ಟರಲ್ಲಿ ಹಳೆಯ ಬನಿಯನ್ ಬಟ್ಟೆಯಿಂದ ಟ್ಯಾಂಕು ಮತ್ತು ಮೀಟರಿನ ಗಾಜನ್ನು ಒರೆಸಿ, ಚೋಕನ್ನು ಹಿಂದಕ್ಕೆ ತಳ್ಳಿದರೆ ಹೊರಡಲು ಸಿದ್ಧ. ಭಾನುವಾರ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಚೈನಿಗೆ 90 ಆಯಿಲ್ (ಗಟ್ಟಿಯಾದ ಗೇರ್ ಆಯಿಲ್) ಬಿಡುವುದು ನನಗೆ ಕೆಲಸ ಎನಿಸಿಯೇ ಇಲ್ಲ. ಬಟನ್ ಒತ್ತಿ ಹೊರಡುವವರಿಗೆ ಇದರ ರುಚಿ ತಿಳಿಯುವುದು ಕಷ್ಟ.

ಇಷ್ಟರವರೆಗೆ ಹೊಗಳಿಕೆ. ಆಟೊ, ಟ್ಯಾಕ್ಸಿಗಳಂತೆ ನಮ್ಮ ಸ್ವಂತ ಬೈಕುಗಳಿಗೆ ಆಗಾಗ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರದ ಪರೀಕ್ಷೆ, ಇಲ್ಲ. ಬಿಎಸ್-4 ಎಂಬ ಹೊಗೆ ಮಾನದಂಡಕ್ಕಿಂತ ಹಳೆಯ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್, 15 ವರ್ಷ ತುಂಬಿದಾಗ ಒಮ್ಮೆ ಮತ್ತು ಅಲ್ಲಿಂದ ಮುಂದೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಅಂಗಳದಲ್ಲಿ ಮೋಟಾರು ವಾಹನ ನಿರೀಕ್ಷಕರ ಮುಂದೆ ಗಾಡಿ ನಿಲ್ಲಿಸಿ ಆರ್‌ಸಿ ನವೀಕರಣ. ಎಲ್ಲರ ಬಾಯಲ್ಲೂ ಇದು ಎಫ್‌ಸಿಯೇ. ಒಂದೂವರೆ ದಶಕದ ಕಾಲ ಬ್ರೇಕು, ಲೈಟು, ಹ್ಯಾಂಡಲ್ ಹೇಗಿವೆ ಎಂದು ಯಾರೂ ಕೇಳದೆ, ಆಮೇಲೆ ಒಂದು ದಿನ ಎಲ್ಲವನ್ನೂ ಒಟ್ಟಿಗೆ ಕೇಳುವ ವ್ಯವಸ್ಥೆಯಿದು.

2022ರಲ್ಲಿ ನನ್ನ ಬೈಕಿನ ಸರದಿ ಬಂದಾಗ ಇಂಜಿನ್ ಗಡಿಯಾರದಂತೆ ಓಡುತ್ತಿತ್ತು. ನಿರೀಕ್ಷಕರು ಇಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಹಾರ್ನ್ ಹೊಡೀರಿ" ಎಂದರು. ಹೊಡೆದೆ, ಸದ್ದು ಬಂತು.

"ಇಂಜಿನ್ ಆಫ್ ಮಾಡಿ, ಕೀ ಆನ್‌ನಲ್ಲೇ ಇಟ್ಟು ಹೊಡೀರಿ."

ಈ ಸಲ ಗಂಟಲು ಕಟ್ಟಿದಂಥ ಒಂದು ಗೊರಗೊರ ಮಾತ್ರ ಕೇಳಿಸಿತು. ಇಂಡಿಕೇಟರ್ ಹಾಕಿದರೆ ಮಿನುಗುವ ಬದಲು ಮಂಕಾಗಿ ಉರಿದು ಹಾಗೆಯೇ ನಿಂತಿತು. ಹಿಂದಿನ ಬ್ರೇಕ್ ತುಳಿದಾಗ ಬ್ರೇಕ್ ಲೈಟಿನ ಕೆಂಪು ಹಗಲ ಬೆಳಕಿನಲ್ಲಿ ಗೊತ್ತಾಗುವಷ್ಟೂ ಇರಲಿಲ್ಲ. "ಬ್ಯಾಟರಿ ಸತ್ತಿದೆ ಸರ್. ಸರಿಮಾಡಿಸಿಕೊಂಡು ಬನ್ನಿ" ಎಂದು ಅವರು ಪಕ್ಕದ ಸ್ಕೂಟರಿನತ್ತ ತಿರುಗಿದರು.

ಇದರ ಮೂಲ ಬೈಕಿನ ವೈರಿಂಗ್‌ನಲ್ಲಿಯೇ ಇದೆ. ಈ ತಲೆಮಾರಿನ ಬೈಕಿನಲ್ಲಿ ಕಿಡಿ ಹಾರಿಸುವ ಸಿಡಿಐಗೂ ಹೆಡ್‌ಲೈಟಿಗೂ ವಿದ್ಯುತ್ತು ನೇರವಾಗಿ ಇಂಜಿನ್ನಿನ ಮ್ಯಾಗ್ನೆಟ್ ಕಾಯಿಲ್‌ನಿಂದಲೇ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗಿ, ರೇಸ್ ಕೊಟ್ಟೊಡನೆ ಹೊಳೆಯುವುದು ಇದೇ ಕಾರಣಕ್ಕೆ. ಬ್ಯಾಟರಿಯನ್ನು ನೆಚ್ಚಿಕೊಂಡಿರುವುದು ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮತ್ತು ಹಸಿರು ನ್ಯೂಟ್ರಲ್ ಲೈಟ್ ಮಾತ್ರ. ಅಂದರೆ ಬ್ಯಾಟರಿ ಪೂರ್ತಿ ಸತ್ತರೂ ಕಿಕ್ಕರ್ ತುಳಿದರೆ ಗಾಡಿ ಹೊರಡುತ್ತದೆ, ರಾತ್ರಿ ದಾರಿಯೂ ಕಾಣುತ್ತದೆ. ಓಡುವಾಗ ಚಾರ್ಜಿಂಗ್ ಕರೆಂಟು ನೇರವಾಗಿ ಒದಗುವುದರಿಂದ ಹಾರ್ನ್ ಕೂಡ ಸಾಕಷ್ಟು ಚೆನ್ನಾಗಿಯೇ ಕೇಳಿಸುತ್ತದೆ. ಬ್ರೇಕ್ ಲೈಟನ್ನಂತೂ ಸವಾರ ನೋಡುವಂತಿಲ್ಲ, ಅದು ಹಿಂದೆ ಬರುತ್ತಿರುವ ಬಿಎಂಟಿಸಿ ಚಾಲಕನಿಗೆ ಮಾತ್ರ ಕಾಣಬೇಕಾದದ್ದು. ಸೆಲ್ಫ್ ಸ್ಟಾರ್ಟ್ ನೆಚ್ಚಿದ ಗಾಡಿ ಬ್ಯಾಟರಿ ಸೊರಗಿದ ದಿನವೇ ಮೊಂಡು ಹಿಡಿದು ತಿಳಿಸಿಬಿಡುತ್ತದೆ. ನನ್ನದು ಸೌಜನ್ಯದಿಂದ ಓಡುತ್ತಲೇ ಇತ್ತು. ಸಾವಿರ ರೂಪಾಯಿಯ ಆಸುಪಾಸಿನ 2.5 ಆಂಪಿಯರ್ ಅವರ್ ಬ್ಯಾಟರಿಯೊಂದರ ಕೊರತೆಯನ್ನು ಇಷ್ಟು ಜಾಣತನದಿಂದ ಮುಚ್ಚಿಡುವ ಯಂತ್ರವನ್ನು ನಂಬಿಗಸ್ತ ಎನ್ನಬೇಕೋ ಏನೆನ್ನಬೇಕೋ ನನಗೆ ತಿಳಿಯುತ್ತಿಲ್ಲ.

ಬ್ಯಾಟರಿ ಹಾಕಿಸಲು ಹೋದ ಗ್ಯಾರೇಜಿನಲ್ಲಿ ಎರಡನೆಯ ಗುಟ್ಟು ಹೊರಬಿತ್ತು. ಮೆಕ್ಯಾನಿಕ್ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಬದಿಯನ್ನು ಅದುಮಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, "ಸಾರ್, ಹ್ಯಾಂಡಲನ್ನ ಎರಡು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿ ನೋಡಿ" ಎಂದ. ಎಡದಿಂದ ಬಲಕ್ಕೆ ಸಲೀಸಾಗಿ ಬರುತ್ತಿದ್ದ ಹ್ಯಾಂಡಲ್, ಚಕ್ರ ನೇರವಾಗುವ ಜಾಗಕ್ಕೆ ಬಂದೊಡನೆ ಸಣ್ಣದೊಂದು ಕುಣಿಯಲ್ಲಿ ಬಿದ್ದಂತೆ 'ಟಕ್' ಎಂದು ಕಚ್ಚಿ ನಿಂತಿತು. ಕೋನ್ ಸೆಟ್ ಹೋಗಿದ್ದರ ಗುರುತು ಅದು. ಹ್ಯಾಂಡಲ್ ಕಂಬದ ಮೇಲೂ ಕೆಳಗೂ ಇರುವ ಬಟ್ಟಲುಗಳಲ್ಲಿ ಉಕ್ಕಿನ ಸಣ್ಣ ಗುಂಡುಗಳು ಸಾಲಾಗಿ ಕುಳಿತಿರುತ್ತವೆ. ಬೆಂಗಳೂರಿನಲ್ಲಿ ಹಂಪ್ ಮತ್ತು ಗುಂಡಿಗಳಿಗೆ ಬೈಕು ಸಿಗುವುದು ಸಾಮಾನ್ಯವಾಗಿ ಹ್ಯಾಂಡಲ್ ನೇರವಾಗಿರುವಾಗಲೇ ಆದ್ದರಿಂದ ಪೆಟ್ಟೆಲ್ಲ ಅದೇ ಗುಂಡುಗಳ ಮೂಲಕ ಅದೇ ಜಾಗಕ್ಕೆ ಬಿದ್ದು ಬಟ್ಟಲಿನಲ್ಲಿ ತಗ್ಗು ಮೂಡುತ್ತದೆ. ಗ್ರೀಸ್ ಒಣಗಿ ಮಳೆನೀರು ಸೇರಿದ್ದರೆ ಇದು ಇನ್ನೂ ಬೇಗ. ಬಿಗಿ ಮಾಡಿಸಿದರೆ ಹ್ಯಾಂಡಲ್ ಭಾರವಾಗುತ್ತದೆಯೇ ಹೊರತು ತಗ್ಗು ಮಾಯವಾಗುವುದಿಲ್ಲ, ಸೆಟ್ಟನ್ನೇ ಬದಲಿಸಬೇಕು. ದಿನವೂ ಅದೇ ಹ್ಯಾಂಡಲ್ ಹಿಡಿಯುವ ಕೈ ಈ ಬದಲಾವಣೆಗೆ ಒಗ್ಗಿಹೋಗಿರುತ್ತದೆ. ಹೊಸಬರು ಕುಳಿತು ಅಂಗಳದಲ್ಲಿ ಒಂದು ಸುತ್ತು ಹೊಡೆದರೆ ತಕ್ಷಣ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ನಡೆಯುವುದೂ ಅದೇ.

ಬ್ರೇಕಿನ ಕಥೆಯೂ ಇದೇ ಜಾತಿಯದು. ಶೂ ಸವೆದಂತೆಲ್ಲ ಹಿಂದಿನ ರಾಡಿನ ತುದಿಯ ನಟ್ಟನ್ನು ಒಂದೆರಡು ಸುತ್ತು ಬಿಗಿದರೆ ಪೆಡಲ್ ಮತ್ತೆ ಹೊಸದರಂತೆ ಮೇಲೆ ನಿಲ್ಲುತ್ತದೆ, ಶೂ ಮುಗಿಯುತ್ತ ಬಂದದ್ದು ಕಾಲಿಗೆ ತಿಳಿಯುವುದೇ ಇಲ್ಲ. ಬ್ರೇಕ್ ಪ್ಲೇಟಿನ ಮೇಲೆ ಒಂದು ಗುರುತು, ಅದರತ್ತ ಸರಿಯುವ ಒಂದು ಪುಟ್ಟ ಬಾಣ ಇರುತ್ತದೆ. ಪೆಡಲನ್ನು ಪೂರ್ತಿ ತುಳಿದಾಗ ಎರಡೂ ಕೂಡಿದರೆ ಶೂ ಬದಲಿಸುವ ಕಾಲ ಬಂತೆಂದು ಅರ್ಥ. ಇಷ್ಟು ಉಪಯುಕ್ತವಾದ ಗುರುತನ್ನು ಕೆಸರು ಮೆತ್ತಿಕೊಳ್ಳುವ ಜಾಗದಲ್ಲೇ ಇಟ್ಟವರ ಲೆಕ್ಕಾಚಾರ ಏನಿತ್ತೋ. ಟೈರಿನ ಮಾತು ಚಿಕ್ಕದು: ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿಲಿಮೀಟರ್ ಗೀರು ಉಳಿದಿರಬೇಕು, ಹಿಂದಿನ ಟೈರಿನ ನಡುಭಾಗ ಮೊದಲು ಬೋಳಾಗುತ್ತದೆ.

ಎಮಿಷನ್ ಟೆಸ್ಟಿನಲ್ಲಿ ನನ್ನ ಬೈಕು ಹೆಚ್ಚು ಕಾಡಿಲ್ಲವಾದರೂ, ಹಳೆಯ ಬೈಕುಗಳು ಅಲ್ಲಿ ಬೀಳುವುದು ಏಕೆಂದು ಹೇಳಬೇಕು. 2000ದ ಮಾರ್ಚ್ ನಂತರ ತಯಾರಾದ ಈ ಬಗೆಯ ಫೋರ್ ಸ್ಟ್ರೋಕ್ ಬೈಕು ಐಡಲಿಂಗ್‌ನಲ್ಲಿ ಉಗುಳುವ ಇಂಗಾಲದ ಮಾನಾಕ್ಸೈಡ್ ಶೇ 3.5ನ್ನೂ, ಹೈಡ್ರೋಕಾರ್ಬನ್ 4500 ಪಿಪಿಎಂ ಅನ್ನೂ ಮೀರುವಂತಿಲ್ಲ. ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡಿದ್ದರೆ, ಇಲ್ಲವೇ ಪಿಕಪ್ ಚೆನ್ನಾಗಿರಲೆಂದು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಬಿಟ್ಟಿದ್ದರೆ ಮೊದಲನೆಯ ಅಂಕಿ ಏರುತ್ತದೆ. ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಡುತ್ತಿದ್ದರೆ, ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೆ ಎರಡನೆಯದು ಏರುತ್ತದೆ. ಟೆಸ್ಟ್ ಮಾಡಿಸಲು ಮನೆಯಿಂದ ಎರಡು ರಸ್ತೆ ಆಚೆಯ ಪೆಟ್ರೋಲ್ ಬಂಕಿಗೆ ತಣ್ಣಗಿನ ಇಂಜಿನ್ನಿನಲ್ಲಿ, ಚೋಕ್ ಎಳೆದುಕೊಂಡೇ ಹೋದರೆ ಸರಿಯಿರುವ ಬೈಕೂ ಫೇಲಾಗಬಹುದು. ನಾಲ್ಕಾರು ಕಿಲೋಮೀಟರ್ ಓಡಿಸಿ, ಇಂಜಿನ್ ಚೆನ್ನಾಗಿ ಕಾದ ಮೇಲೆಯೇ ಸೈಲೆನ್ಸರಿನೊಳಗೆ ಪರೀಕ್ಷೆಯ ನಳಿಗೆ ಹಾಕಿಸಬೇಕು. ಸಣ್ಣ ದೂರದ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ನಿಂತು ಕೆಳಭಾಗದಿಂದ ತುಕ್ಕು ಹಿಡಿಯುತ್ತದೆ. ತೂತು ಬಿದ್ದ ಸೈಲೆನ್ಸರಿನಲ್ಲಿ ಹೊರಗಾಳಿ ಬೆರೆತು ರೀಡಿಂಗ್ ನಂಬುವಂತಿರುವುದಿಲ್ಲ, ಸದ್ದಿನ ಕಾರಣಕ್ಕೆ ನಿರೀಕ್ಷಕರೂ ಒಪ್ಪುವುದಿಲ್ಲ.

ಕೆಲವು ಬೈಕುಗಳು ಓಡಾಟಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ಹಿಂದಿರುಗುತ್ತವೆ. ಚಾಸಿ ನಂಬರನ್ನು ಪೆನ್ಸಿಲ್ ಪ್ರಿಂಟ್ ತೆಗೆಯಬೇಕಾಗುತ್ತದೆ. ನನ್ನ ಬೈಕಿನಲ್ಲಿ ಅದು ಹ್ಯಾಂಡಲ್ ಕಂಬದ ಪಕ್ಕಕ್ಕೆ ಕೊರೆದಿದ್ದು, ಕೇಬಲ್ಲುಗಳು ಉಜ್ಜಿ ಬಣ್ಣ ಹೋದ ಕಡೆ ತುಕ್ಕು ಕೂತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪಾರದರ್ಶಕ ಟೇಪ್ ಅಂಟಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿದಾಗ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಚೆಂದಕ್ಕೆಂದು ಫ್ರೇಮಿಗೆ ದಪ್ಪ ಬಣ್ಣ ಹೊಡೆಸಿದವರಿಗೆ ಈ ಅಂಕಿಗಳು ಸಿಗುವುದೇ ಕಷ್ಟ. ಕನ್ನಡಿ ಮತ್ತು ಸೀರೆ ಗಾರ್ಡ್ ಬಿಚ್ಚಿಟ್ಟವರು ಮತ್ತೆ ಹಾಕಿಸಿಕೊಳ್ಳಬೇಕು. 2019ರ ಏಪ್ರಿಲ್‌ಗಿಂತ ಮೊದಲಿನ ಬೈಕಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಬೇಕು. ಸಾಲ ತೀರಿಸಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೆಯೇ ಉಳಿದಿದ್ದರೆ ಅದನ್ನೂ ಮೊದಲೇ ತೆಗೆಸುವುದು ಲೇಸು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಬ್ಯಾಟರಿ, ಕೋನ್ ಸೆಟ್, ಎರಡೂ ಕಡೆಯ ಬ್ರೇಕ್ ಶೂಗಳ ಸಾಮಾನನ್ನು ಜೆ.ಸಿ. ರಸ್ತೆಯಲ್ಲಿ ಅಸಲಿ ನೋಡಿ ತಂದು ಕೊಟ್ಟು, ಮೆಕ್ಯಾನಿಕ್‌ಗೆ ಕೂಲಿ ಮಾತ್ರ ಕೊಟ್ಟದ್ದರಿಂದ ಖರ್ಚು ನನ್ನ ಕೈಗೆಟುಕಿತು. ಎರಡನೆಯ ಸಲ ಗಾಡಿ ಪಾಸಾಯಿತು. ಹೊಸ ಕೋನ್ ಸೆಟ್ ಬಿದ್ದ ಮೇಲೆ ಸುಮನಹಳ್ಳಿ ಸೇತುವೆಯ ಮೇಲೆ ಬೈಕು ತಾನಾಗಿ ನೇರ ಹಿಡಿದು ಹೋಗುವುದನ್ನು ಕಂಡು ಕೋಪ ಅರ್ಧ ಇಳಿಯಿತು. ಉಳಿದ ಅರ್ಧ ಹಾಗೆಯೇ ಇದೆ, ಏಕೆಂದರೆ ಈ ಬೈಕಿನ ಮೀಟರಿನಲ್ಲಿ ಯಾವುದು ಸವೆದಿದೆ ಎಂದು ತಿಳಿಸುವ ಒಂದು ದೀಪವೂ ಇಲ್ಲ.

ಹಳೆಯ ನೂರು ಸಿಸಿ ಕೊಳ್ಳಹೊರಟವರು ಇಂಜಿನ್ ಸದ್ದಿಗೆ ಮರುಳಾಗದೆ, ಇಂಜಿನ್ ಆಫ್ ಮಾಡಿಸಿ ಹಾರ್ನ್ ಒತ್ತಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ನೋಡಿಸಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ ನೋಡಲಿ. ಅದಕ್ಕೆ ಒಪ್ಪದ ಮಾಲೀಕನಿಂದ ಕೊಳ್ಳುವುದು ಬೇಡ. ತಿಂಗಳಿಗೊಮ್ಮೆ ಅರ್ಧ ಗಂಟೆ ಕೊಡಲಾಗದವರಿಗೂ ಈ ಬೈಕನ್ನು ನಾನು ಶಿಫಾರಸು ಮಾಡುವುದಿಲ್ಲ.

2027ರಲ್ಲಿ ನನ್ನ ಬೈಕಿಗೆ ಮತ್ತೆ ನವೀಕರಣ. 2022ರ ಏಪ್ರಿಲ್‌ನಲ್ಲಿ 300ರಿಂದ 1,000ಕ್ಕೆ ಏರಿದ ನವೀಕರಣ ಶುಲ್ಕ, 20 ವರ್ಷ ದಾಟಿದ ಬೈಕುಗಳಿಗೆ 2025ರಲ್ಲಿ 2,000 ಆಗಿದೆ. ಮೇಲೆ ಹಸಿರು ತೆರಿಗೆ. ಹೊಸ ಗಾಡಿಯ ಕಂತಿನ ಮುಂದೆ ಇದು ಏನೂ ಅಲ್ಲವಾದ್ದರಿಂದ ಮಾಡಿಸುವುದೆಂದೇ ನಿರ್ಧರಿಸಿದ್ದೇನೆ. ಅಷ್ಟರೊಳಗೆ ಇಂಜಿನ್ ಹೊಗೆಯಾಡಿ ರಿಂಗ್, ಪಿಸ್ಟನ್, ಬೋರ್ ಕೆಲಸಕ್ಕೆ ಬಂದರೆ ಮಾತ್ರ ಗುಜರಿಯವನ ಬೆಲೆಯನ್ನೂ ಕೇಳಿ ನೋಡುತ್ತೇನೆ.